ಸಾಹೇಬರ ಬೋಗಿಯಲ್ಲಿ ಕಾಕಿ

ನಾನು ರೈಲ್ವೆಯ ದೊಡ್ಡ ಸಾಹೇಬರೊಬ್ಬರ ಆಪ್ತ ಸಹಾಯಕ. ಅರಭಾವಿ ಊರಿನವರಾದ ಅವರು ಸಣ್ಣ ಸ್ಟೇಷನ್ ಮಾಸ್ತರರಾಗಿ ಸೇರಿ, ಪರೀಕ್ಷೆ ಮೇಲೆ ಪರೀಕ್ಷೆ ಕಟ್ಟಿ ಇಡೀ ವಿಭಾಗದ ಮುಖ್ಯಸ್ಥರಾದವರು. ಟಿಕೆಟ್ಟಿಲ್ಲದ ಸ್ವಂತ ಅಳಿಯನಿಗೂ ದಂಡ ಹಾಕಿಸಿದ ಮನುಷ್ಯ.

ಒಮ್ಮೆ ತಪಾಸಣೆಗೆಂದು ಪ್ಯಾಸೆಂಜರ್ ಗಾಡಿಯ ತುದಿಗೆ ಅವರ ವಿಶೇಷ ಬೋಗಿ ಜೋಡಿಸಿದ್ದರು. ಜೊತೆಗೆ ನಾನೂ ಏಳೆಂಟು ಅಧಿಕಾರಿಗಳೂ ಇದ್ದೆವು. ಘಟಪ್ರಭಾದಲ್ಲಿ ಅವರ ಕಾಕಿ, ಅಂದರೆ ಚಿಕ್ಕಮ್ಮ, ಗಂಗವ್ವ ಕೈಚೀಲ ಹಿಡಿದು ನೇರ ಅದನ್ನೇ ಹತ್ತಿ, ಸೋಫಾದ ಮೇಲೆ ಕಾಲು ಮಡಚಿ ಕೂತರು.

“ಕಾಕಿ, ಇದ್ರಾಗ ಮನಿ ಮಂದಿ ಕೂಡಂಗಿಲ್ಲ,” ಎಂದರು ಸಾಹೇಬರು.

“ಬೆಳಗಾವಿ ಟಿಕೀಟ್ ತಗೊಂಡೇನಿ. ಆ ಡಬ್ಬ್ಯಾಗ ಕಾಲಿಡಾಕ ಜಾಗಾ ಇಲ್ಲ. ಇಲ್ಲಿ ನೋಡಿದ್ರ ಸೋಫಾ ಖಾಲಿ ಐತಿ!”

ಸಿಗ್ನಲ್ ಬಿದ್ದಿತ್ತು. ಗಾರ್ಡ್ ಬಾವುಟ ಹಿಡಿದು ನಮ್ಮ ಮುಖ ನೋಡುತ್ತಿದ್ದ. ಬೆವೆತ ಸಾಹೇಬರು ಕೊನೆಗೆ ಕಾಕಿಯ ಚೀಲ ತಾವೇ ಎತ್ತಿಕೊಂಡರು. “ನಡಿ, ನಾನೂ ಅಲ್ಲೇ ಬರ್ತೀನಿ.”

ಸಾಹೇಬರೇ ಹೋದ ಮೇಲೆ ನಾವು ಕೂಡುವುದು ಹೇಗೆ? ಅಧಿಕಾರಿಗಳೆಲ್ಲ ಅವರ ಹಿಂದೆ ಸಾಮಾನ್ಯ ಬೋಗಿಗೆ ನುಗ್ಗಿದೆವು. ಯಾರೋ ಕಾಕಿಗೆ ಜಾಗ ಬಿಟ್ಟರು. ಸಾಹೇಬರು ನಿಂತೇ ಬಂದರು.

“ದಿನಾ ಇಷ್ಟು ಗದ್ದಲ ಇರ್ತೈತೇನ್ರಿ?” ಎಂದು ಪಕ್ಕದವನನ್ನು ಕೇಳಿದರು.

“ಇಲ್ರಿ, ದಿನಾ ಕಾಲಿಡಾಕಷ್ಟ ಜಾಗಾ ಇರಂಗಿಲ್ಲ. ಇವತ್ತ ಉಸಿರಾಡಾಕೂ ಇಲ್ಲ, ಯಾರೋ ದೊಡ್ಡ ಸಾಹೇಬ್ರು ತಮ್ಮ ಮಂದೀನ್ನೆಲ್ಲ ಕಟಗೊಂಡು ಹತ್ಯಾರ.”

ಸ್ವಲ್ಪ ದಿನದಲ್ಲೇ ಆ ಗಾಡಿಗೆ ಇನ್ನೊಂದು ಬೋಗಿ ಬಂತು. ಕಾಕಿ ಮಾತ್ರ ಇವತ್ತಿಗೂ ಊರ ತುಂಬ, ಸಾಹೇಬನಾದ ಮಗ ತನ್ನನ್ನು ಗಾಡಿಯಿಂದ ಇಳಿಸಿದನೆಂದೇ ಹೇಳಿಕೊಂಡು ತಿರುಗುತ್ತಾರೆ.