ಬೀದಿಯ ಅಳಿಯನ ರಜೆ

ಜನವರಿಯ ಧ್ವಜಾರೋಹಣದ ದಿನ ಸೇನೆಯಿಂದ ನಿವೃತ್ತರಾದ ನಮ್ಮ ರಸ್ತೆಯ ಹವಾಲ್ದಾರರಿಗೆ ಸನ್ಮಾನ ಮಾಡಬೇಕೆಂದು ಬಡಾವಣೆಯ ಸಂಘದವರು ತೀರ್ಮಾನಿಸಿದಾಗ, ಅವರ ಬಗ್ಗೆ ನಾಲ್ಕು ಮಾತು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಸವಳಂಗ ರಸ್ತೆಯ ಈ ಬಡಾವಣೆಗೆ ನಾವೆಲ್ಲ ಬೇರೆ ಬೇರೆ ಕಡೆಯಿಂದ ಬಂದು ಮನೆ ಕಟ್ಟಿಕೊಂಡವರು. ಹವಾಲ್ದಾರರ ಮೀಸೆ ಕಪ್ಪಗಿದ್ದ ಕಾಲದಿಂದ ಅವರನ್ನು ಬಲ್ಲವನು ಇಲ್ಲಿ ನಾನೊಬ್ಬನೇ. ಅವರ ಹೆಂಡತಿ ಭದ್ರಾವತಿಯ ನ್ಯೂಟೌನಿನಲ್ಲಿ ನಮ್ಮದೇ ಕ್ವಾರ್ಟರ್ಸ್ ಬೀದಿಯ ಹುಡುಗಿ, ನನಗೆ ಅಕ್ಕ. ಹಾಗಾಗಿ ಅವರು ಭಾವ. ರಕ್ತಸಂಬಂಧ ಏನೂ ಇಲ್ಲ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಅದನ್ನು ಯಾರೂ ಕೇಳುತ್ತಿರಲಿಲ್ಲ.

ಅದೇ ಹೊತ್ತಿಗೆ ಅವರ ಮಗಳೂ ರಜೆಗೆ ಬರುವವಳಿದ್ದಳು. ಆಕೆ ಉತ್ತರದಲ್ಲೆಲ್ಲೋ ಸೇನೆಯ ಆಸ್ಪತ್ರೆಯಲ್ಲಿ ನರ್ಸಿಂಗ್ ಅಧಿಕಾರಿ. ಅಪ್ಪ ಮಗಳು ಇಬ್ಬರನ್ನೂ ಒಟ್ಟಿಗೆ ವೇದಿಕೆಗೆ ಕರೆದು ಪೇಟ ಇಟ್ಟು ಶಾಲು ಹೊದಿಸಬೇಕೆಂದು ಸಂಘದ ಕಾರ್ಯದರ್ಶಿಗಳಿಗೆ ಆಸೆ. ರಸ್ತೆಯ ತುದಿಯಲ್ಲಿ ಅವರದೊಂದು ಗ್ಯಾರೇಜ್ ಇದೆ. ಮಾತು ಜೋರು, ಮನಸ್ಸು ಮೆದು. ಬೀದಿಯ ಹೆಂಗಸರು ಆಗಲೇ ಹುಡುಗಿಯನ್ನು ಯಾರ ಮನೆಗೆ ಯಾವತ್ತು ಊಟಕ್ಕೆ ಕರೆಯುವುದೆಂದು ಮಾತಾಡಿಕೊಳ್ಳುತ್ತಿದ್ದರು.

ನಾನು ಓದಿದ್ದು ಇತಿಹಾಸ. ಅದರಿಂದ ಆದ ಒಂದೇ ಪರಿಣಾಮವೆಂದರೆ ಯಾರ ನೆನಪನ್ನೂ ಸುಲಭವಾಗಿ ನಂಬದ ಚಾಳಿ. ನನ್ನ ನೆನಪನ್ನಂತೂ ನಂಬುವುದೇ ಇಲ್ಲ. ಆದರೂ ಭಾಷಣಕ್ಕೆಂದು ಕೂತಾಗ ನೆನಪು ತಾನಾಗಿಯೇ ಹರಿಯಿತು. ಅನುಮಾನಕ್ಕೆ ಜಾಗವೇ ಕೊಡಲಿಲ್ಲ.

ನಾನಾಗ ಕಾಲೇಜಿನಲ್ಲಿದ್ದೆ. ಭಾವ ರಜೆಗೆ ಬಂದರೆಂದರೆ ಅವರು ಅತ್ತೆ ಮನೆಗೆ ಮಾತ್ರ ಬಂದ ಹಾಗಲ್ಲ, ಇಡೀ ಬೀದಿಗೆ ಅಳಿಯ ಬಂದ ಹಾಗೆ. ಪ್ರತಿ ಮನೆಯಲ್ಲೂ ಅವರಿಗೊಂದು ಊಟ ಆಗಲೇಬೇಕು. ಒಂದು ಮನೆಯಲ್ಲಿ ಉಂಡು ಇನ್ನೊಂದನ್ನು ಬಿಟ್ಟರೆ ಆ ಮನೆಯವರ ಮುಖ ವರ್ಷವಿಡೀ ದಪ್ಪ. ಊಟದ ಹೊತ್ತನ್ನು ನಿರ್ಧರಿಸುತ್ತಿದ್ದುದು ಕಾರ್ಖಾನೆಯ ಪಾಳಿ. ಮನೆಯ ಯಜಮಾನ ಇಲ್ಲದಾಗ ಅಳಿಯನನ್ನು ಕರೆಯುವುದು ಹೇಗೆ? ಹಾಗಾಗಿ ಮಧ್ಯಾಹ್ನ ಕೆಲಸಕ್ಕೆ ಹೋಗುವವರ ಮನೆಯಲ್ಲಿ ಬೆಳಗಿನ ತಿಂಡಿ, ಮೊದಲ ಪಾಳಿ ಮುಗಿಸಿ ಬಂದವರ ಮನೆಯಲ್ಲಿ ಇಳಿಹೊತ್ತಿನ ಊಟ, ರಾತ್ರಿ ಪಾಳಿಯವರು ಹೊರಡುವ ಮುಂಚೆ ಅವರಲ್ಲಿ ಇನ್ನೊಂದು. ತಮಿಳರ ಮನೆಯ ಪೊಂಗಲ್, ಆಂಧ್ರದವರ ಮನೆಯ ಗೋಂಗುರ, ನಮ್ಮ ಮನೆಯ ಹೋಳಿಗೆ. ಭಾವನಿಗೆ ಯಾರೂ ಜೈಕಾರ ಹಾಕಲಿಲ್ಲ. ಗಡಿಯ ಕತೆ ಕೇಳಿದವರೂ ಕಡಿಮೆ. 'ಇನ್ನೊಂದು ಹಾಕ್ಕೊಳಿ ಅಳಿಯಂದ್ರೇ' ಎನ್ನುವುದರಲ್ಲೇ ಆ ಬೀದಿ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸುತ್ತಿತ್ತು. ಯಾರು ಬಂದರೂ ಕುರ್ಚಿ ಬಿಟ್ಟು ಏಳದ ನಮ್ಮಪ್ಪ, ಭಾವ ಬಾಗಿಲಿಗೆ ಬಂದಾಗ ಎದ್ದು ನಿಂತಿದ್ದರು. ಭಾಷಣ ಅಲ್ಲಿಗೇ ಮುಗಿಸಬೇಕೆಂದುಕೊಂಡೆ.

ಆದರೆ ಚಾಳಿ ಬಿಡಬೇಕಲ್ಲ. ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳೋಣವೆಂದು ಅವರ ಮನೆಗೆ ಹೋದೆ. ಅಕ್ಕ ಪಡಸಾಲೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಭಾವ ಪಕ್ಕದಲ್ಲಿ ತಮ್ಮ ಅಂಗಿಗೆ ತಾವೇ ಇಸ್ತ್ರಿ ಹಾಕುತ್ತಿದ್ದರು. ಆ ಕೆಲಸವನ್ನು ಅವರು ಈವರೆಗೆ ಯಾರಿಗೂ ಬಿಟ್ಟುಕೊಟ್ಟಿಲ್ಲ. ನಾನು ಬರೆದದ್ದನ್ನು ಓದಿದೆ. ಅಪ್ಪ ಎದ್ದು ನಿಂತ ಕಡೆ ಭಾವ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ, ಇಲ್ಲವಲ್ಲ, ಅವರು ಕೂತೇ ಇದ್ದರು, ಮಂಡಿನೋವಿತ್ತಲ್ಲ ಅವರಿಗೆ ಎಂದರು. ಮುಗಿಯಿತು. ನನ್ನ ಭಾಷಣದ ಕೊನೆಯೇ ಬಿದ್ದುಹೋಯಿತು. ಅಪ್ಪ ಎದ್ದು ನಿಲ್ಲಲಿ ಎಂದು ನಾನೇ ಬಯಸಿರಬೇಕು. ಬಯಸಿದ್ದು ಯಾವಾಗ ಕಂಡದ್ದಾಯಿತೋ ತಿಳಿಯದು.

ಅಕ್ಕ ಕಾಳಿನಿಂದ ಕಣ್ಣೆತ್ತಲಿಲ್ಲ.

"ಚೆನ್ನಾಗಿ ಬರ್ದಿದೀಯ. ಅದ್ರಲ್ಲಿ ನಾನೆಲ್ಲಿದೀನಿ?"

"ನೀನೂ ಜೊತೇಲಿ ಬರ್ತಿದ್ಯಲ್ಲ ಅಕ್ಕ."

"ಬರ್ತಿದ್ದೆ ಮಾರಾಯ. ಅವ್ರು ಹಾಲ್‌ನಲ್ಲಿ ನಿಮ್ಮಪ್ಪನ ಜೊತೆ. ನಾನು ಅಡಿಗೆಮನೇಲಿ ನಿಮ್ಮಮ್ಮನಿಗೆ ಹೋಳಿಗೆ ತಟ್ಕೊಡ್ತಾ. ಎಲ್ಲರ ಮನೇಲೂ ಹಂಗೇ. ವಾಪಸ್ ಬಂದ್ರೆ ಇವ್ರಿಗೆ ಹೊಟ್ಟೆ ಭಾರ, ಕೂತಲ್ಲೇ ಗೊರಕೆ. ಅಷ್ಟ್ರಲ್ಲಿ ಇನ್ಯಾರ್ದೋ ಪಾಳಿ ಮುಗ್ದಿರೋದು. ಆ ರಜೆ ಪೂರ್ತಿ ನೀವೇ ತಿಂದ್ರಿ."

ಭಾವ ನಕ್ಕರು. ನಾನೂ ನಕ್ಕೆ. ಅಕ್ಕ ನಗಲಿಲ್ಲ.

ಒಂದು ಸಲದ ಮಾತು ಹೇಳಿದಳು. ಆ ಸಲ ಭಾವ ವಾಪಸಾಗಬೇಕಿದ್ದುದು ಮೇಲಕ್ಕೆ, ಹಿಮದ ಕಡೆಗೆ. ಅವಳಿಗೆ ಭಯವಿತ್ತು. ಭಯವಾಗುತ್ತಿದೆ ಎಂದು ಗಂಡನಿಗೆ ಒಂದು ಮಾತು ಹೇಳಬೇಕಿತ್ತು, ಅಷ್ಟೇ. ಆ ರಜೆಯಲ್ಲಿ ಅದಕ್ಕೊಂದು ಗಂಟೆ ಹುಟ್ಟಲಿಲ್ಲ. ರೈಲ್ವೆ ಸ್ಟೇಷನ್ನಿಗಾದರೂ ಇಬ್ಬರೇ ಹೋಗಬಹುದು ಅಂದುಕೊಂಡರೆ, ಅಲ್ಲಿಗೂ ಬೀದಿಯೇ ಬಂದಿತ್ತು, ಬುತ್ತಿ ಕಟ್ಟಿಕೊಂಡು. ಅವಳು ನಗುತ್ತಾ ಕೈ ಬೀಸಿದಳಂತೆ. ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಅವಳ ಆ ನಗು ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಎಂಥ ಧೈರ್ಯವಂತೆ ಎಂದು ಅದನ್ನೂ ಭಾಷಣದಲ್ಲಿ ಸೇರಿಸಬೇಕೆಂದುಕೊಂಡಿದ್ದೆ.

"ನಂದಾಯ್ತು, ಬಿಡು. ಮಗಳದು ಹಂಗಾಗೋದು ಬೇಡ," ಎಂದಳು. "ಹೋದ್ಸಲ ಬಂದಾಗ್ಲೂ ನಿದ್ದೆ ಸರಿ ಮಾಡ್ಲಿಲ್ಲ. ಆ ಆಸ್ಪತ್ರೇಲಿ ಏನೇನು ನೋಡ್ತಾಳೋ. ಒಂದಿನ 'ಅಮ್ಮಾ' ಅಂತ ಏನೋ ಹೇಳೋಕೆ ಶುರು ಮಾಡಿದ್ಲು, ಯಾರೋ ಬೆಲ್ ಹೊಡೆದ್ರು. ಆಮೇಲೆ ಕೇಳಿದ್ರೆ ಏನಿಲ್ಲ ಅಂದ್ಬಿಟ್ಲು. ನಾನು ಬರ್ಬೇಡಿ ಅಂದ್ರೆ ಜಂಬ ಅಂತಾರೆ. ನೀನು ಹೇಳು. ಹೆಂಗಾದ್ರೂ ಹೇಳು."

ಭಾವ ನನ್ನನ್ನು ಬೀದಿಯ ತಿರುವಿನವರೆಗೆ ಕಳಿಸಲು ಬಂದರು. ಅವಳು ಹೇಳಿದ್ದೆಲ್ಲ ನಿಜ ಎಂದರು. ಸ್ವಲ್ಪ ದೂರ ನಡೆದ ಮೇಲೆ, ಆದರೆ ಆ ಊಟಗಳೂ ನಿಜ ಎಂದರು. ಮೇಲೆ ಟೆಂಟಿನಲ್ಲಿ ಕೂತು ಒಂದೊಂದು ಸಂಜೆ ಒಂದೊಂದು ಮನೆಯ ಎಲೆಯನ್ನು ತುದಿಯ ಉಪ್ಪಿನಿಂದ ಹಿಡಿದು ವರ್ಣಿಸುತ್ತಿದ್ದರಂತೆ. ಭದ್ರಾವತಿ ಎಲ್ಲಿದೆಯೆಂದೇ ಗೊತ್ತಿಲ್ಲದ ಪಂಜಾಬಿನ ಹುಡುಗರು, ಇವತ್ತು ಯಾರ ಮನೆ ಎಂದು ಕೇಳುತ್ತಿದ್ದರಂತೆ. "ಆ ಬೀದಿ ಇಲ್ದಿದ್ರೆ ನಾನು ಅಲ್ಲಿ ಏನು ಮಾತಾಡ್ತಿದ್ದೆ ಹೇಳು," ಎಂದರು. ಇಬ್ಬರಲ್ಲಿ ಯಾರ ನೆನಪು ಸರಿ ಎಂದು ತೂಗಲು ನನ್ನ ಓದು ಕಲಿಸಿದ ಯಾವ ತಕ್ಕಡಿಯೂ ಅಲ್ಲಿ ಕೆಲಸ ಮಾಡಲಿಲ್ಲ.

ಸಂಘದ ಸಭೆ ಸೇರಿದ್ದು ಗ್ಯಾರೇಜಿನ ಮುಂದೆ, ಬಿಚ್ಚಿಟ್ಟ ಸ್ಕೂಟರುಗಳ ನಡುವೆ. ಈ ಸಲ ಮಗಳನ್ನು ವೇದಿಕೆಗೂ ಕರೆಯುವುದು ಬೇಡ, ಊಟಕ್ಕೂ ಕರೆಯುವುದು ಬೇಡ, ಯಾರೂ ಅವರ ಮನೆಗೆ ಹೋಗುವುದೂ ಬೇಡ ಎಂದೆ. ಒಬ್ಬರು, ದೇಶಕ್ಕಾಗಿ ದುಡಿಯುವವರನ್ನು ಮಾತಾಡಿಸಬಾರದು ಅಂದರೆ ಇದ್ಯಾವ ಗೌರವ ಎಂದು ಸಿಡುಕಿದರು. ಪೇಟ ಬಾಡಿಗೆಗೆ ಹೇಳಿಯಾಗಿದೆ ಎಂದು ಇನ್ನೊಬ್ಬರು. ನಾನು ಭದ್ರಾವತಿಯ ಊಟಗಳ ಕತೆ ಹೇಳಿದೆ. ಭಯದ ಮಾತು ಹೇಳಲಿಲ್ಲ, ಅದು ಅಕ್ಕನದು. ಹಾಲ್ ಮತ್ತು ಅಡುಗೆಮನೆಯ ಮಾತು ಮಾತ್ರ ಹೇಳಿದೆ. ಗಂಡಸರು ಇನ್ನೂ ವಾದಿಸುತ್ತಿದ್ದರು. ಆದರೆ ಹಿಂದೆ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದನ್ನು ಕಂಡೆ; ವಾದ ಇನ್ನು ಹೆಚ್ಚು ಹೊತ್ತು ನಡೆಯುವುದಿಲ್ಲ ಅನ್ನಿಸಿತು.

ಕೊನೆಗೆ ಉಳಿದದ್ದು ಕಾರ್ಯದರ್ಶಿಗಳ ಕಷ್ಟ. ಅವರ ಮನೆಯಾಕೆ ಆ ಹುಡುಗಿ ನರ್ಸಿಂಗ್ ಓದುತ್ತಿದ್ದಾಗಿನಿಂದ ಅವಳಿಗೆಂದೇ ಶಾವಿಗೆ ಪಾಯಸ ಮಾಡಿ ಕಳಿಸುವವರು.

"ಹೋಗೋದು ಬೇಡ ಅಂತೀರಿ, ಸರಿ. ಕೊಡೋದೇ ಬೇಡ ಅಂದ್ರೆ ಹೆಂಗೆ ಸಾರ್? ನಮ್ಮ ಮನೇಲಿ ಇದನ್ನ ನೀವೇ ಬಂದು ಹೇಳಿ, ನಂಗೆ ಹಿಮ್ಮತ್ ಇಲ್ಲ."

ಎಲ್ಲರೂ ನಕ್ಕರು. ಆಮೇಲೆ ಅವರೇ ದಾರಿ ಹುಡುಕಿದರು: ಕೊಡುವವರು ಚೀಲದಲ್ಲಿ ಹಾಕಿ ಗೇಟಿಗೆ ತೂಗುಬಿಟ್ಟು ಬರಬೇಕು. ಬೆಲ್ ಮಾತ್ರ ಮುಟ್ಟಕೂಡದು.

ಧ್ವಜಾರೋಹಣಕ್ಕೆ ಭಾವ ಒಬ್ಬರೇ ಬಂದರು, ಇಸ್ತ್ರಿ ಮುರಿಯದ ಅಂಗಿಯಲ್ಲಿ. ಸೆಲ್ಯೂಟ್ ಹೊಡೆದು, ಕೊಟ್ಟ ಲಾಡು ತಿಂದು ಮನೆಗೆ ಹೋದರು. ಮಾಡಿದರೆ ಅಪ್ಪ ಮಗಳಿಗೆ ಒಟ್ಟಿಗೇ ಎಂದು ಸನ್ಮಾನವನ್ನು ಮುಂದಿನ ಸಲಕ್ಕೆ ಇಟ್ಟುಕೊಂಡೆವು. ನನ್ನ ಭಾಷಣ ಆಗಲೇ ಇಲ್ಲ. ಆ ವಾರವೆಲ್ಲ ಅವರ ಗೇಟಿನ ತುಂಬ ಚೀಲಗಳು. ಒಂದು ದಿನವಂತೂ ಗೇಟನ್ನು ತೆಗೆಯಲಾರದೆ ಭಾವ ಒಳಗಿನಿಂದಲೇ ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದರು. ಹಾದುಹೋಗುತ್ತಿದ್ದವರು ನೋಡದ ಹಾಗೆ ಆಚೆ ಬದಿಗೆ ದಾಟಿದರು. ಮಾತು ನುಂಗಿಕೊಂಡು ನಡೆಯುವುದು ನಮ್ಮ ಜನಕ್ಕೆ ಎಷ್ಟು ಕಷ್ಟವೆಂದು ಬಲ್ಲವನಾಗಿ, ಇದಕ್ಕಿಂತ ದೊಡ್ಡ ಮರ್ಯಾದೆಯನ್ನು ನಾನು ಕಂಡಿಲ್ಲ. ಕಂಡಿದ್ದೇನೆ ಎಂದು ಮುಂದೊಂದು ದಿನ ನೆನಪಾದರೆ ಅದು ಬೇರೆ ಮಾತು.

ಮಗಳು ವಾಪಸಾದ ಮಾರನೆಯ ದಿನ ಅಕ್ಕ ಡಬ್ಬಿಗಳನ್ನು ಹಿಂದಿರುಗಿಸಲು ಬೀದಿಗಿಳಿದಳು. ಬರಿ ಡಬ್ಬಿ ಕೊಡಬಾರದಲ್ಲ; ಎಲ್ಲದರಲ್ಲೂ ಒಂದಿಷ್ಟು ಸಕ್ಕರೆ. ನಮ್ಮ ಬಾಗಿಲಲ್ಲಿ ನಿಂತು ನಮ್ಮ ಡಬ್ಬಿಯನ್ನು ನನ್ನ ಕೈಗಿಟ್ಟಳು.

"ಮಾತಾಡಿದ್ಲು," ಎಂದಳು ಅಕ್ಕ. "ಒಂದಿಡೀ ಮಧ್ಯಾಹ್ನ. ಅತ್ಲು. ಆಮೇಲೆ ಸಂಜೆ ತನಕ ಮಲಗಿದ್ಲು."

ಕಣ್ಣೊರೆಸಿಕೊಂಡಳೋ, ಬಿಸಿಲಿಗೆ ಮುಖ ಒರೆಸಿಕೊಂಡಳೋ, ನಾನು ಖಚಿತವಾಗಿ ಹೇಳಲಾರೆ. ಚೀಲದಲ್ಲಿ ಇನ್ನೂ ಬೇಕಾದಷ್ಟು ಡಬ್ಬಿಗಳಿದ್ದವು. ಪಕ್ಕದ ಮನೆಯ ಕಡೆ ಹೊರಟಳು.