ಕರೆಂಟು ಹೋದಾಗ ಏಳದ ಮಗು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಹುಟ್ಟಿದ ಮಕ್ಕಳು ಸದ್ದಿಗೆ ಏಳುವುದಿಲ್ಲ, ಸದ್ದು ನಿಂತರೆ ಏಳುತ್ತವೆ. ಗೋಡೆಯಾಚೆ ಪವರ್‌ಲೂಮ್ ಬಡಿಯುತ್ತಿರುವಷ್ಟು ಹೊತ್ತು ತೊಟ್ಟಿಲಲ್ಲಿ ಹಾಯಾಗಿ ಮಲಗಿರುತ್ತವೆ. ಕರೆಂಟು ಹೋಗಿ ಮಗ್ಗ ನಿಂತಿತೋ, ಮನೆಮನೆಯಲ್ಲೂ ಅಳು ಶುರು. ನಾನೂ ನನ್ನ ತಂಗಿಯೂ ಹಾಗೆಯೇ ಬೆಳೆದವರು. ಆ ಮಧ್ಯಾಹ್ನ ಕರೆಂಟು ಹೋದಾಗ ಎದುರು ಮನೆಯ ಕೂಸು ಅತ್ತಿತು. ನಮ್ಮ ಮನೆಯದು ಅಳಲಿಲ್ಲ.

ತಂಗಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಹೆಣ್ಣುಮಗು. ಎತ್ತಿಕೊಂಡರೆ ಎತ್ತಿಕೊಂಡ ಹಾಗೆಯೇ ಅನ್ನಿಸದಷ್ಟು ಹಗುರ. ಆಸ್ಪತ್ರೆಯವರು ಕೆಲವು ವಾರ ನವಜಾತ ಶಿಶುಗಳ ವಾರ್ಡಿನಲ್ಲೇ ಇಟ್ಟುಕೊಂಡಿದ್ದರು. ತಂಗಿ ಹಿಂಡಿ ಕೊಟ್ಟ ಹಾಲಿಗೆ ಏನನ್ನೋ ಬೆರೆಸಿ ಸಣ್ಣ ನಳಿಕೆಯಲ್ಲಿ ಬಿಡುತ್ತಿದ್ದರು. ಪ್ರೊಬಯಾಟಿಕ್ ಅಂದರು ಡಾಕ್ಟರಮ್ಮ. ನಮ್ಮಮ್ಮ ಅಷ್ಟಕ್ಕೇ ಬಿಡುವವಳಲ್ಲ.

"ಹಂಗಂದ್ರೇನು ತಾಯಿ?"

"ಒಳ್ಳೇ ಬ್ಯಾಕ್ಟೀರಿಯಾ ಅಮ್ಮ. ಬೇಗ ಹುಟ್ಟಿದ ಮಗೂದು ಕರುಳು ತುಂಬಾ ಎಳೇದು. ಕೆಟ್ಟವು ಬಂದು ಜಾಗ ಹಿಡಿಯೋಕೆ ಮುಂಚೆ ಒಳ್ಳೇವು ಕೂತ್ಕೊಳ್ಳಲಿ ಅಂತ ಕೊಡ್ತೀವಿ."

"ಹಾಲಿಗೆ ಹೆಪ್ಪು ಹಾಕ್ದಂಗೆ ಅನ್ನಿ."

ಡಾಕ್ಟರಮ್ಮ ನಕ್ಕರು. "ಸುಮಾರಾಗಿ ಹಂಗೇ ಅನ್ಕೊಳ್ಳಿ. ಆದ್ರೆ ಇದು ಪರೀಕ್ಷೆ ಮಾಡಿ, ಅಳತೆ ಮಾಡಿ ಕೊಡೋದು. ಮನೆಗೆ ಹೋದ್ಮೇಲೆ ತಾಯಿ ಹಾಲು ಬಿಟ್ರೆ ಏನೂ ಬೇಡ. ಜೇನು ಬೇಡ, ಬಜೆ ಬೇಡ, ನೀರೂ ಬೇಡ."

ಅಮ್ಮ ತಲೆಯಾಡಿಸಿದಳು. ಅವಳ ಮನಸ್ಸಿನಲ್ಲಿ ಉಳಿದದ್ದು ಹೆಪ್ಪಿನ ಮಾತೊಂದೇ ಅಂತ ನಮಗ್ಯಾರಿಗೂ ಹೊಳೆಯಲಿಲ್ಲ.

ಅಮ್ಮನ ಹೆಪ್ಪಿಗೆ ನಮ್ಮ ಬೀದಿಯಲ್ಲಿ ಹೆಸರಿತ್ತು. ಮದುವೆಯಾಗಿ ಬರುವಾಗ ತವರಿನಿಂದ ತಂದ ಹೆಪ್ಪು, ಅಂದಿನಿಂದ ಅದರ ಎಳೆ ಕಡಿದಿಲ್ಲ ಅನ್ನುತ್ತಿದ್ದಳು. ಅಕ್ಕಪಕ್ಕದವರು ಮೊಸರು ಹುಳಿಯಾಯಿತೆಂದರೆ ಬಟ್ಟಲು ಹಿಡಿದು ನಮ್ಮ ಬಾಗಿಲಿಗೇ ಬರುತ್ತಿದ್ದರು.

ಮಗು ಮನೆಗೆ ಬಂದ ಮೇಲೆ ನಾನು ರಜೆ ಹಾಕಿ ತವರಲ್ಲೇ ಉಳಿದೆ. ಮೊದಮೊದಲು ಹಾಲಿಗೆ ರಚ್ಚೆ ಹಿಡಿಯುತ್ತಿದ್ದ ಮಗು ಆಮೇಲಾಮೇಲೆ ಹೆಚ್ಚು ನಿದ್ದೆ ಮಾಡತೊಡಗಿತು. ನೋಡಲು ಬಂದ ಪಕ್ಕದ ಮನೆಯ ಅತ್ತೆ, "ಮಗ್ಗದ ಸದ್ದಿಗೆ ಆಗ್ಲೇ ಒಗ್ಗೋಯ್ತಲ್ಲೇ! ನೇಯೋರ ಮನೆ ಕೂಸು ಅಂದ್ರೆ ಇದೇ ಕಣೇ" ಎಂದು ಮೆಚ್ಚಿಕೊಂಡರು. ನಮಗೂ ಹೆಮ್ಮೆಯಾಯಿತು. ಆ ಮಾತಿಗೆ ನಾವೆಲ್ಲ ನಕ್ಕೆವು. ಈಗಲೂ ಆ ನಗು ಕಿವಿಯಲ್ಲಿದೆ.

ಆ ಮಧ್ಯಾಹ್ನ ಕರೆಂಟು ಹೋಗಿ ಮಗ್ಗ ನಿಂತಿತು. ಅಪ್ಪ ಹೆಗಲ ಮೇಲಿನ ಟವೆಲ್ಲಿನಲ್ಲಿ ನೂಲಿನ ಧೂಳು ಕೊಡವುತ್ತಾ ಒಳಗೆ ಬಂದು, "ಏನಮ್ಮಾ, ನಿಮ್ ಮಹಾರಾಣಿ ಇನ್ನೂ ಎದ್ದಿಲ್ವಾ?" ಎಂದರು. ಬೀದಿಯ ಮಕ್ಕಳೆಲ್ಲ ಅಳುತ್ತಿದ್ದವು. ನಾನು ತೊಟ್ಟಿಲಿಗೆ ಬಗ್ಗಿ ಮಗುವಿನ ಅಂಗಾಲಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಕಾಲು ಎಳೆದುಕೊಳ್ಳಲಿಲ್ಲ. ಪಾದ ತಣ್ಣಗಿತ್ತು. ಬಟ್ಟೆ ಸರಿಸಿದರೆ ಹೊಟ್ಟೆ ಉಬ್ಬಿ, ಚರ್ಮ ಬಿಗಿದು ಹೊಳೆಯುತ್ತಿತ್ತು. ಕೆನ್ನೆಯ ಕೆಳಗಿನ ಬಟ್ಟೆಯಲ್ಲಿ ಹಸಿರು ಬಣ್ಣದ ವಾಂತಿ.

ತಂಗಿ ಎದೆಗೆ ಹಚ್ಚಿದಳು. ತುಟಿ ಮುಚ್ಚಲೇ ಇಲ್ಲ. ಹಾಲು ಬಾಯಿಯ ಮೂಲೆಯಿಂದ ಹಾಗೇ ಇಳಿದುಹೋಯಿತು.

"ಗಾಳಿ ತುಂಬ್ಕೊಂಡೈತೆ, ಹೊಕ್ಕಳಿಗೆ ಇಂಗು ಹಚ್ಚಣ ತಡಿ" ಎಂದು ಅಮ್ಮ ಎದ್ದಳು.

"ಅಮ್ಮ, ಏನೂ ಹಚ್ಬೇಡ! ಅಪ್ಪಾ, ಆಟೋ ಕರಿ!" ತಂಗಿಯ ಗಂಟಲು ಹರಿದಂತಿತ್ತು.

ಆಸ್ಪತ್ರೆಯ ಚೀಟಿಗಳ ಚೀಲ ತರಲು ನಾನು ಅಡುಗೆಮನೆಗೆ ಓಡಿದೆ. ಕಟ್ಟೆಯ ಮೇಲೆ ಮೊಸರಿನ ಗಡಿಗೆ. ಅದರ ಪಕ್ಕ ಒಳಲೆ. ಎಳೆಮಕ್ಕಳ ಬಾಯಿಗೆ ಹಾಲು ಬಿಡುವ ಮೂತಿಯ ಬಟ್ಟಲು ಅದು, ನಾವಿಬ್ಬರೂ ಅದರಲ್ಲೇ ಕುಡಿದವರು. ಈ ಮಗುವಿಗೆ ಅದನ್ನು ಬಳಸುವುದು ಬೇಡವೆಂದು ಮೇಲಿನ ಅಟ್ಟಕ್ಕೆ ಹಾಕಿದ್ದೆವು. ಈಗ ಕೆಳಗಿತ್ತು. ಮೂತಿಯ ತುದಿಯಲ್ಲಿ ಬಿಳಿ ಹನಿಯೊಂದು ಒಣಗಿತ್ತು.

ಆಟೋದಲ್ಲಿ ತಂಗಿ ಮಗುವನ್ನು ಸೆರಗಿನೊಳಗೆ ಮೈಗೆ ಮೈ ತಾಗಿಸಿ ಹಿಡಿದು ಕೂತಿದ್ದಳು. ಮುಂದೆ ನೂಲಿನ ಮೂಟೆ ಹೇರಿಕೊಂಡ ಗಾಡಿ ದಾರಿ ಬಿಡುತ್ತಿರಲಿಲ್ಲ. ನಾನು ಅಮ್ಮನ ಕಡೆ ತಿರುಗಿ ದನಿ ಹೊರಡಿಸದೆ ತುಟಿಯನ್ನಷ್ಟೇ ಆಡಿಸಿದೆ. ಮಗ್ಗದ ಮನೆಯವರು ಸದ್ದಿನಲ್ಲಿ ಮಾತಾಡುವುದೇ ಹಾಗೆ.

'ಮೊಸರು ಕೊಟ್ಯಾ?'

ಅಮ್ಮನ ತುಟಿ ಆಡಿತು. 'ತಿಳಿ ಮಾತ್ರ. ಎರಡೇ ಹನಿ.'

'ದಿನಾನಾ?'

ಅಮ್ಮ ರಸ್ತೆಯ ಕಡೆ ಮುಖ ತಿರುಗಿಸಿದಳು. ತಂಗಿಗೆ ಗೊತ್ತಾಗಬಾರದೆಂದು ನಾನು ಹಾಗೆ ಕೇಳಿದ್ದೆ. ಅವಳೂ ಅದೇ ಮನೆಯಲ್ಲಿ ಬೆಳೆದವಳೆಂಬುದು ಮರೆತೇಹೋಗಿತ್ತು. ಅವಳು ನಮ್ಮಿಬ್ಬರ ತುಟಿಯನ್ನೂ ನೋಡುತ್ತಿದ್ದಳು. ಸೆರಗನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು.

ವಾರ್ಡಿನಲ್ಲಿ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿದವರೇ ನರ್ಸಿಗೆ ಬಡಬಡನೆ ಏನೇನೋ ಹೇಳಿದರು. ಆಮೇಲೆ ನಮ್ಮ ಕಡೆ ತಿರುಗಿ, "ಎದೆಹಾಲು ಬಿಟ್ಟು ಬೇರೆ ಏನಾದ್ರೂ ಕೊಟ್ಟಿದ್ದೀರಾ? ನಿಜ ಹೇಳಿ, ಬೈಯೋಕಲ್ಲ" ಎಂದರು.

ತಂಗಿ ಅಮ್ಮನನ್ನು ನೋಡಿದಳು. ಅಮ್ಮ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಹೇಳುವುದಿಲ್ಲವೇನೋ ಅಂದುಕೊಂಡೆ.

"ನಾನ್ ಕೊಟ್ಟೆ. ಮೊಸರಿನ ತಿಳಿ. ಒಳ್ಳೇದು ಕೂತ್ಕೊಳ್ಳಲಿ ಅಂತ."

"ಹೇಳಿದ್ದು ಒಳ್ಳೇದಾಯ್ತು. ಚಿಕಿತ್ಸೆಗೆ ಇದೆಲ್ಲಾ ಗೊತ್ತಿರ್ಬೇಕು" ಎಂದಷ್ಟೇ ಹೇಳಿ ಅವರು ಒಳಗೆ ಹೋದರು.

ಹಾಲು ನಿಲ್ಲಿಸಿದರು. ಹೊಟ್ಟೆಯಲ್ಲಿದ್ದುದನ್ನು ನಳಿಕೆ ಹಾಕಿ ಹೊರತೆಗೆದರು. ರಕ್ತ ಪರೀಕ್ಷೆ, ಎಕ್ಸ್‌ರೇ, ಕೂದಲೆಳೆಯಂಥ ನರಕ್ಕೆ ಆಂಟಿಬಯಾಟಿಕ್. ಕರುಳಿಗೆ ಸೋಂಕು, ಅದು ರಕ್ತಕ್ಕೂ ಹರಡುತ್ತಿದೆಯೋ ಏನೋ ಎಂಬ ಭಯ. ಕರುಳು ತೂತಾದರೆ ಆಪರೇಷನ್ ಎಂದರು. ಅಷ್ಟು ಪುಟ್ಟ ಹೊಟ್ಟೆಯಲ್ಲಿ ಕತ್ತರಿ ಎಲ್ಲಿಡುತ್ತಾರೆ ಎಂದು ನಾನು ಗಾಜಿನಾಚೆ ನೋಡುತ್ತಾ ನಿಂತಿದ್ದೆ.

ತಂಗಿಯ ಗಂಡ ಯಲಹಂಕದಿಂದ ಬಂದು ಎಲ್ಲರಿಗೂ ಟೀ ತಂದ. ಅಮ್ಮ ಮುಟ್ಟಲಿಲ್ಲ. ತಂಗಿ ಹಾಲು ಹಿಂಡಿ ಹಿಂಡಿ ನರ್ಸಿನ ಕೈಗೆ ಕೊಡುತ್ತಿದ್ದಳು, ಮುಂದೆ ಬೇಕಾಗುತ್ತದೆ ಎಂದು ಅವರು ತೆಗೆದಿಡುತ್ತಿದ್ದರು. ಆ 'ಮುಂದೆ' ಎಂಬ ಮಾತನ್ನೇ ಹಿಡಿದುಕೊಂಡು ನಾವು ಆ ಬೆಂಚಿನ ಮೇಲೆ ಕೂತಿದ್ದೆವು.

ಮೊಸರಿನಿಂದಲೇ ಆಯಿತೇ ಎಂದು ನಾನು ಡಾಕ್ಟರಮ್ಮನನ್ನು ಕೇಳಿದೆ. "ಹೇಳೋಕಾಗಲ್ಲ. ಬೇಗ ಹುಟ್ಟಿದ ಮಕ್ಕಳಿಗೆ ಏನೂ ಕೊಡದಿದ್ರೂ ಬರುತ್ತೆ. ಇಲ್ಲಿ ಕೊಡೋ ಹನಿಯಲ್ಲಿ ಯಾವ ಬ್ಯಾಕ್ಟೀರಿಯಾ, ಎಷ್ಟು ಅಂತ ಗೊತ್ತಿರುತ್ತೆ. ಅದನ್ನ ಕೊಟ್ರೂ ಬರಲ್ಲ ಅಂತ ಖಾತ್ರಿ ಇಲ್ಲ. ಇನ್ನು ಗಡಿಗೆಯಲ್ಲಿ, ಒಳಲೆಯಲ್ಲಿ, ಕೈಯಲ್ಲಿ ಏನಿತ್ತು ಅಂತ ಯಾರಿಗ್ ಗೊತ್ತು?" ಹೌದು ಅಂದಿದ್ದರೂ ತಡೆದುಕೊಳ್ಳುತ್ತಿದ್ದೆನೇನೋ.

ದಿನಗಳು ಕಳೆದವು. ಹೊಟ್ಟೆ ಇಳಿಯಿತು. ಒಂದು ಬೆಳಿಗ್ಗೆ ಗಾಜಿನಾಚೆಯಿಂದ ತೆಳ್ಳನೆಯ, ಕೋಪದ ಅಳು ಕೇಳಿತು. ಆಸ್ಪತ್ರೆಗೆ ಬಂದ ಮೇಲೆ ತಂಗಿ ಆ ದಿನವೇ ಮೊದಲ ಸಲ ಅಮ್ಮನನ್ನು ಮಾತಾಡಿಸಿ, "ಕೇಳಿಸ್ತಾ?" ಎಂದಳು.

ಮನೆಗೆ ಬಂದ ಅಮ್ಮ ಗಡಿಗೆ ತೊಳೆದು ಬೋರಲು ಹಾಕಿದಳು. ಮುಂದೆ ಪ್ಯಾಕೆಟ್ ಮೊಸರೇ. ಮಗು ದೊಡ್ಡದಾಗಿ, ಇನ್ನು ಮೊಸರನ್ನ ಕೊಡಬಹುದೆಂದು ಡಾಕ್ಟರಮ್ಮನೇ ಹೇಳಿದ ಮೇಲೂ ಅವಳು ಒಪ್ಪಲಿಲ್ಲ. ತಂಗಿಯೇ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗಿ, ಅಮ್ಮ ಹಿಂದೆ ಅವರಿಗೆ ಕೊಟ್ಟಿದ್ದ ಹೆಪ್ಪನ್ನು ಕೇಳಿ ತಂದಳು. ಮಗು ಮೊಸರನ್ನವನ್ನು ಕಿವಿಗೆಲ್ಲ ಮೆತ್ತಿಕೊಂಡು ತಿಂದಿತು. ನಾನು ಹೊಟ್ಟೆ ಮುಟ್ಟಿ ನೋಡಿದೆ. "ಸಾಕು ಕಣಕ್ಕ, ಗಳಿಗೆಗೊಂದ್ಸಲ ಹಿಸುಕ್ಬೇಡ, ಮಾವಿನಹಣ್ಣಲ್ಲ ಅದು" ಎಂದಳು ತಂಗಿ. ಅಮ್ಮ ಮಾತ್ರ ಬಾಗಿಲ ಬಳಿಯೇ ನಿಂತಿದ್ದಳು.

ಈಗಲೂ ಮಗು ಮಲಗಿರುವಾಗ ಕರೆಂಟು ಹೋದರೆ ಮಗ್ಗದವರೆಲ್ಲ ಬೈದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಅಪ್ಪ ಮಗ್ಗದ ಪಕ್ಕ, ಅಮ್ಮ ಒದ್ದೆ ಕೈಯಲ್ಲಿ ಅಡುಗೆಮನೆಯ ಬಾಗಿಲಲ್ಲಿ, ನಾನಿದ್ದರೆ ನಾನು, ಇದ್ದಲ್ಲೇ ನಿಂತು ಕಾಯುತ್ತೇವೆ. ಮಗು ಎದ್ದು ಬೀದಿಗೆಲ್ಲ ಕೇಳುವಂತೆ ಅತ್ತ ಮೇಲೆ ಅಮ್ಮ ಹೋಗಿ ಮತ್ತೊಮ್ಮೆ ಕೈ ತೊಳೆದುಕೊಂಡು ಬಂದು ಎತ್ತಿಕೊಳ್ಳುತ್ತಾಳೆ.