ಕೇಳದೇ ಉಳಿದ ಒಂದು ಸಹಿ

ಅರಸೀಕೆರೆಗೆ ಬಂದ ಮರುದಿನ ಬೆಳಿಗ್ಗೆ ನಾನು ಬಾಡಿಗೆ ಕೋಣೆಯಿಂದ ಬರಿಗಾಲಲ್ಲಿ ಹೊರಗೆ ಓಡಿಬಂದಿದ್ದೆ. ತಲೆಯ ಮೇಲೆ, ಅಟ್ಟದಲ್ಲಿ, ಏನೋ ಗುಡುಗುಡು ಉರುಳಿ ಗೋಡೆಗೆ ಧಡ್ಡೆಂದು ಬಡಿದಿತ್ತು. ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದ ಮನೆಯ ಒಡತಿ ಗಂಗಮ್ಮನವರು ನನ್ನ ಮುಖ ನೋಡಿ ನಕ್ಕುಬಿಟ್ಟರು.

"ಹೆದರ್ಕೋಬ್ಯಾಡ ಕಣಮ್ಮ, ಕಾಯಿ ಉಳ್ಳಿದ್ದು. ಇಲಿ ಓಡಾಡ್ತವೆ."

ಇಲ್ಲಿ ಕೊಬ್ಬರಿಗೆಂದು ತೆಂಗಿನಕಾಯನ್ನು ತಿಂಗಳುಗಟ್ಟಲೆ ಅಟ್ಟದಲ್ಲೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಆರಿ, ತಿರುಳು ಕರಟ ಬಿಟ್ಟು ಉಂಡೆಯಾಗುತ್ತದೆ. ಇಂಡಿ ತಾಲ್ಲೂಕಿನ ನಮ್ಮ ಮನೆಗೆ ತೆಂಗಿನಕಾಯಿ ಬರುತ್ತಿದ್ದದ್ದು ಹಬ್ಬಕ್ಕೆ, ಒಂದೋ ಎರಡೋ. ಇಲ್ಲಿ ನಾನು ಸಾವಿರಾರು ಕಾಯಿಗಳ ಕೆಳಗೆ ಮಲಗಿ ಎದ್ದಿದ್ದೆ. ಫೋನಿನಲ್ಲಿ ಹೇಳಿದರೆ ಅವ್ವ ನಂಬಲಿಲ್ಲ.

ನಾನು ಬಂದದ್ದು ಪಿಎಚ್.ಡಿ.ಗೆ. ವಿಷಯ, ಹೊಯ್ಸಳರ ಕಾಲದ ಕೆರೆ ಮತ್ತು ಕಲ್ಯಾಣಿಗಳು. ನೀರಿಲ್ಲದ ಊರಿನವಳಿಗೆ ಬೇರೆ ಯಾವ ವಿಷಯ ಹಿಡಿಸೀತು ಹೇಳಿ! ನನ್ನ ಮಾರ್ಗದರ್ಶಕರಾದ ನಾಗೇಂದ್ರ ಸರ್ ಹಳೇಬೀಡಿನವರು. ಅವರ ಮನೆಗೆ ಜಾವಗಲ್ ಮೇಲೆ ಬಸ್ಸು, ವಿಶ್ವವಿದ್ಯಾಲಯಕ್ಕೆ ರೈಲು. ಎರಡಕ್ಕೂ ಅರಸೀಕೆರೆಯೇ ಸಲೀಸು ಎಂದು ಇಲ್ಲಿ ಕೋಣೆ ಹಿಡಿದೆ. ಹುಲಿಕೆರೆಯ ಕಲ್ಯಾಣಿಯ ಮೆಟ್ಟಿಲುಗಳನ್ನು ಟೇಪು ಹಿಡಿದು ಅಳೆಯುತ್ತ, ಬಸ್ತಿಹಳ್ಳಿಯ ಬಸದಿಯ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚುತ್ತ ವರ್ಷಗಳು ಕಳೆದವು. ಬುತ್ತಿಯಲ್ಲಿ ಮೊದಮೊದಲು ರೊಟ್ಟಿ ಇರುತ್ತಿತ್ತು. ಅವ್ವ ಕಳಿಸಿದ ಹಿಟ್ಟು ಮುಗಿದ ಮೇಲೆ ಚಿತ್ರಾನ್ನ.

ಊಟಕ್ಕಿಂತ ಕಷ್ಟವಾದದ್ದು ಮಾತು. ಕನ್ನಡದವಳಿಗೆ ಕನ್ನಡ ನಾಡಿನಲ್ಲಿ ಮಾತಿನ ಕಷ್ಟವೇ ಎಂದು ನಗಬೇಡಿ. ಒಂದು ಸಲ ಅಂಗಡಿಯಲ್ಲಿ, "ಅಣ್ಣಾ, ಎರಡ ಕೆಜಿ ಜ್ವಾಳ ಕೊಡು" ಎಂದೆ. ಅಂಗಡಿಯವರು ತಕ್ಕಡಿ ಬಿಟ್ಟು ನನ್ನನ್ನೇ ನೋಡಿದರು.

"ಯಾಕಮ್ಮ, ಜಗಳಕ್ಕೆ ಬಂದಂಗೆ ಕೇಳ್ತೀಯಲ್ಲ?"

ಸುತ್ತಲಿದ್ದವರು ನಕ್ಕರು. ನನಗೆ ಕಣ್ಣು ತುಂಬಿ ಬಂತು, ಸಿಟ್ಟೂ ಬಂತು. ನಮ್ಮಲ್ಲಿ ಅದು ಸಲಿಗೆ. ಬೇಕಾದ್ದನ್ನು ಬೇಕು ಎನ್ನುತ್ತೇವೆ, ಬೇಡವಾದ್ದನ್ನು ಒಲ್ಲೆ ಎನ್ನುತ್ತೇವೆ. ಇಲ್ಲಿಯವರು ನೀರು ಕೇಳುವುದಕ್ಕೂ ಮೊದಲು ಬಿಸಿಲಿನ ಸುದ್ದಿ ತೆಗೆಯುತ್ತಾರೆ. ಅಂದಿನಿಂದ ಹಟಕ್ಕೆ ಬಿದ್ದು ಕಲಿತೆ. "ಸ್ವಲ್ಪ ಕೊಡ್ತೀರಾ", "ಪರವಾಗಿಲ್ಲ", "ಇರ್ಲಿ ಬಿಡಿ". ಮೂರನೆಯ ವರ್ಷ ಬೇಲೂರಿನ ಬಸ್ಸಿನಲ್ಲಿ ಕಂಡಕ್ಟರು, "ನೀವು ಹಾಸನದ ಕಡೆಯೋರಾ?" ಎಂದಾಗ ರ‍್ಯಾಂಕು ಬಂದಷ್ಟು ಖುಷಿಯಾಗಿತ್ತು. ಆ ಖುಷಿಯ ಮೇಲೆ ಈಗ ನನಗೆ ಕೆಂಡದಂಥ ಕೋಪವಿದೆ.

ಪಿಎಚ್.ಡಿ.ಗೆ ಇಷ್ಟೇ ವರ್ಷ ಎಂದು ಗಡುವಿರುತ್ತದೆ. ಮುಗಿಯದಿದ್ದರೆ ಒಂದು ವರ್ಷದ ವಿಸ್ತರಣೆ ಕೇಳಬಹುದು. ಆದರೆ ಗಡುವು ಮುಗಿಯುವುದರೊಳಗೆ ಮಾರ್ಗದರ್ಶಕರ ಸಹಿಯಿರುವ ಅರ್ಜಿಯನ್ನು ಪೋರ್ಟಲ್ಲಿಗೆ ಏರಿಸಬೇಕು. ಇಲ್ಲವಾದರೆ ನೋಂದಣಿ ತಾನಾಗಿ ರದ್ದು. ನನ್ನ ಗಡುವು ಒಂದು ಬುಧವಾರ ಮುಗಿಯುವುದಿತ್ತು. ಕೊನೆಯ ಅಧ್ಯಾಯ ಓದಿಯೇ ಸಹಿ ಹಾಕುತ್ತೇನೆ, ಸೋಮವಾರ ಬಾ ಎಂದಿದ್ದರು ಸರ್. ನಾನು ನಿಶ್ಚಿಂತೆಯಿಂದಿದ್ದೆ. ಭಾನುವಾರ ಅವರ ತಾಯಿ ತೀರಿಕೊಂಡರು.

ಆ ಅಜ್ಜಿ ನಾನು ಹೋದಾಗಲೆಲ್ಲ ಮಜ್ಜಿಗೆ ಕೊಟ್ಟು, ಲೋಟ ಕೆಳಗಿಡಲು ಬಿಡದೆ ಇನ್ನಷ್ಟು ಸುರಿಯುತ್ತಿದ್ದವರು. ಹೋಗಲೇಬೇಕಿತ್ತು. ಮಂಗಳವಾರ ಹೊರಟಾಗ ಗಂಗಮ್ಮನವರು ಬಾಗಿಲಿಗೆ ಬಂದು ಹೇಳಿಕೊಟ್ಟರು.

"ಸಾವಿನ್ ಮನೇಲಿ ಹೋಗ್ಬತ್ತೀನಿ ಅನ್ಬಾರ್ದು. ಒಂದ್ ಗಳಿಗೆ ಕೂತು ಸುಮ್ನೆ ಎದ್ದು ಬಂದ್ಬಿಡು."

ಅರ್ಜಿ ಚೀಲದಲ್ಲಿತ್ತು. ಸುಳ್ಳೇಕೆ, ಕೇಳಬೇಕೆಂದೇ ಇಟ್ಟುಕೊಂಡಿದ್ದೆ.

ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಸತ್ತವರ ಗುಣ ಹಾಡಿ ಅಳುತ್ತಾರೆ. ನಾವೂ ಕೂತು ಅತ್ತು, ನಮ್ಮ ಸಂಕಟವನ್ನೂ ಅದರಲ್ಲೇ ಸೇರಿಸಿ ಹೇಳಿಬಿಡುತ್ತೇವೆ. ಈ ಮನೆಯಲ್ಲಿ ಎಲ್ಲರೂ ಮೆತ್ತಗೆ ಮಾತಾಡುತ್ತಿದ್ದರು. ಗೋಡೆಯ ಬದಿಗೆ ಒಂದು ದೀಪ ಉರಿಯುತ್ತಿತ್ತು. ಸರ್ ಪಂಚೆ ಹೊದ್ದು ಚಾಪೆಯ ಮೇಲೆ ಕೂತಿದ್ದರು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನಾನು ಕೂತೆ. ಎಷ್ಟೋ ಹೊತ್ತಿನ ಮೇಲೆ ಅವರೇ ಕೇಳಿದರು.

"ಅಧ್ಯಾಯ ಮುಗೀತೇನಮ್ಮ?"

ಅದಕ್ಕಿಂತ ಒಳ್ಳೆಯ ಗಳಿಗೆ ಯಾರಿಗೆ ಸಿಕ್ಕೀತು? ಚೀಲದ ಜಿಪ್ಪಿನ ಮೇಲೆ ನನ್ನ ಕೈಯಿತ್ತು. ಆದರೆ ಸುತ್ತ ಕೂತವರೆಲ್ಲ ನನ್ನತ್ತ ನೋಡಿದರು. ತಾಯಿ ಸತ್ತು ಮೂರನೇ ದಿನ ಕಾಗದ ಹಿಡಿದು ಬಂದಳಲ್ಲ, ಆ ಕಡೆಯವರು ಒರಟೇ ಬಿಡು ಎನ್ನುತ್ತಾರೆ ಅನ್ನಿಸಿತು.

"ಮುಗಿದಿದೆ ಸರ್. ಏನೂ ಅರ್ಜೆಂಟಿಲ್ಲ. ನಿಧಾನವಾಗಿ ನೋಡೋರಂತೆ" ಎಂದೆ.

ಅವರು ತಲೆಯಾಡಿಸಿದರು. ತಾಯಿ ಹೋದ ಸಂಕಟದಲ್ಲಿ ನನ್ನ ಗಡುವು ಅವರಿಗೆ ನೆನಪಿದ್ದೀತೆ? ಸ್ವಲ್ಪ ಹೊತ್ತು ಕೂತು, ಹೇಳಿಕೊಟ್ಟಂತೆ ಸುಮ್ಮನೆ ಎದ್ದು ಬಂದೆ. ಬಸ್ಸಿನಲ್ಲಿ ನನ್ನ ಸಭ್ಯತೆಯನ್ನು ನಾನೇ ಮೆಚ್ಚಿಕೊಂಡದ್ದೂ ನಿಜ. ಸಾವಿನ ಕಾರಣ ಹೇಳಿದರೆ ಯಾವ ಕಚೇರಿ ತಾನೇ ಒಪ್ಪುವುದಿಲ್ಲ, ಸೂತಕ ಕಳೆಯಲಿ ಎಂದುಕೊಂಡೆ.

ಸೂತಕ ಕಳೆದ ಮೇಲೆ ಸರ್ ಮನೆಗೆ ಹೋಗಿ, ಗಡುವಿನ ಮಾತೆತ್ತದೆ ಸಹಿ ಮಾಡಿಸಿಕೊಂಡು, ವಿಶ್ವವಿದ್ಯಾಲಯದ ಪಿಎಚ್.ಡಿ. ವಿಭಾಗಕ್ಕೆ ಕೊಂಡೊಯ್ದೆ. ಗುಮಾಸ್ತರು ಕಾಗದವನ್ನು ಕೈಗೂ ತೆಗೆದುಕೊಳ್ಳಲಿಲ್ಲ.

"ಡೇಟು ಮುಗಿದೋಗಿದೆ ಮೇಡಂ. ಪೋರ್ಟಲ್ಲೇ ಕ್ಲೋಸು."

"ಸಾವಾಗಿತ್ತು ಸರ್."

"ನಿಮ್ಮನೇಲಾ?"

"ಅಲ್ಲ, ನಮ್ಮ ಗೈಡ್ ಮನೇಲಿ."

"ಮತ್ತೆ ನಿಮಗೇನಾಗಿತ್ತು?"

ಅವರ ದನಿಯಲ್ಲಿ ಕುಹಕವಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದರು. ನಿಯಮದ ಪುಸ್ತಕದಲ್ಲಿ ಅಭ್ಯರ್ಥಿಯ ಕಾಯಿಲೆಗೆ ಜಾಗವಿದೆ, ಹೆರಿಗೆಗೆ ಜಾಗವಿದೆ. ಸಂಕೋಚಕ್ಕೆ ಇಲ್ಲ.

ವಿಷಯ ತಿಳಿದು ಸರ್ ದಂಗಾದರು. "ಯಾಕಮ್ಮ ಕೇಳ್ಲಿಲ್ಲ? ಒಂದು ಸಹಿ ಹಾಕಕ್ಕೆ ನಂಗೆಷ್ಟೊತ್ತು ಬೇಕಿತ್ತು?" ಎಂದು ಮೂರು ನಾಲ್ಕು ಸಲ ಕೇಳಿದರು. ತಾವೇ ಪತ್ರ ಬರೆದು, ಜೊತೆಗೆ ರೈಲು ಹತ್ತಿ ಬಂದು, ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಅಲೆದರು. ಎಲ್ಲರೂ ಕೂರಿಸಿ ಮರ್ಯಾದೆಯಿಂದಲೇ ಮಾತಾಡಿದರು. ಮತ್ತೆ ಪ್ರವೇಶ ಪರೀಕ್ಷೆ ಬರೆದು ಮೊದಲಿನಿಂದ ಬರಬಹುದು ಎಂದರು. ಆದರೆ ನಿವೃತ್ತಿ ಹತ್ತಿರವಿರುವವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ ಎಂಬುದೂ ಅದೇ ಪುಸ್ತಕದಲ್ಲಿದೆ. ಸರ್‌ಗೆ ಉಳಿದಿರುವುದು ಎರಡು ವರ್ಷ. ವಾಪಸು ಬರುವಾಗ ರೈಲಿನಲ್ಲಿ ಅವರು ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡರು. ನನಗೆ ಅಳುವೂ ಬರಲಿಲ್ಲ.

ಈಗ ನನ್ನ ಗುರುತಿನ ಚೀಟಿ ಗ್ರಂಥಾಲಯದಲ್ಲಿ ನಡೆಯುವುದಿಲ್ಲ. ಆದರೂ ಭಾನುವಾರ ಹಳೇಬೀಡಿಗೆ ಹೋಗುತ್ತೇನೆ. ಸರ್ ಕೆಂಪು ಪೆನ್ನು ಹಿಡಿದು ಆ ಕೊನೆಯ ಅಧ್ಯಾಯವನ್ನು ತಿದ್ದುತ್ತಾರೆ. "ಹುಲಿಕೆರೆ ಭಾಗ ಇನ್ನೊಂದ್ಸಲ ನೋಡ್ಬೇಕಲ್ಲಮ್ಮ" ಎನ್ನುತ್ತಾರೆ. ಸರಿ ಸರ್ ಎನ್ನುತ್ತೇನೆ. ಅದನ್ನು ಯಾವ ಕಚೇರಿಯೂ ತೆಗೆದುಕೊಳ್ಳುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಊರಿಗೆ ಹೋಗೋಣವೆಂದರೆ, ಇಷ್ಟು ವರ್ಷ ಏನು ಓದಿದೆ ಎಂದು ಕೇಳುವವರಿಗೆ ತೋರಿಸಲು ಕೈಯಲ್ಲಿ ಒಂದು ಹಾಳೆಯಿಲ್ಲ. ಇಲ್ಲಿಯೇ ಇರೋಣವೆಂದರೆ, ಇರುವುದಕ್ಕೆ ಕಾರಣವಿಲ್ಲ.

ಮೊನ್ನೆ ಅವ್ವನಿಗೆ ಫೋನಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಶಾಲೆಗೆ ಹೋದವಳಲ್ಲ. ಪೋರ್ಟಲ್ಲು, ವಿಸ್ತರಣೆ ಒಂದೂ ಅವಳಿಗೆ ಅರ್ಥವಾಗಲಿಲ್ಲ. ಸಾವಿನ ಮನೆಯ ಮಾತು ಮಾತ್ರ ಚೆನ್ನಾಗಿ ಅರ್ಥವಾಯಿತು.

"ಅಲ್ಲವ್ವಾ, ನಮ್ಮೂರಾಗ ಆಗಿದ್ರ ನೀ ಕೇಳ್ತಿದ್ದಿಲ್ಲೇನು?"

ಕೇಳುತ್ತಿದ್ದೆ. ಅವರ ಜೊತೆ ದನಿ ತೆಗೆದು ಅತ್ತು, ಅಳುತ್ತಲೇ ಕಾಗದ ಮುಂದಿಟ್ಟು, ಹಾಕ್ರೀ ಸರ ಎನ್ನುತ್ತಿದ್ದೆ. ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅಷ್ಟನ್ನೂ ಅವಳಿಗೆ ಹೇಳಬೇಕೆಂದಿದ್ದೆ.

"ಇರ್ಲಿ ಬಿಡಮ್ಮ" ಎಂದೆ.

ಹುಟ್ಟಿದಾಗಿನಿಂದ ಅವಳನ್ನು ನಾನು ಅಮ್ಮ ಎಂದದ್ದು ಅದೇ ಮೊದಲು.